ಅಕ್ಕನ ಬಾಯಿಯ ಅಚ್ಚು

ಅಚ್ಚಿನಿಂದ ಪ್ಲಾಸ್ಟರ್ ದವಡೆಯನ್ನು ಬಿಡಿಸಿದವನೇ ಅವನು ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟ. ಈ ಬಾಯಿಯನ್ನು ಅವನು ಬಲ್ಲ.

ಹಲ್ಲಿನ ಕ್ಯಾಪ್ ತಯಾರಿಸುವ ಆ ಲ್ಯಾಬಿನಲ್ಲಿ ಅವನ ಮೇಜಿಗೆ ಬಂದು ಹೋಗುವ ಬಾಯಿಗಳಿಗೆ ಲೆಕ್ಕವಿರಲಿಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಸುರಿದು, ಒಣಗಿದ ಬಿಳಿ ದವಡೆಯ ಮೇಲೆ ಹೊಸ ಹಲ್ಲು ಕಟ್ಟುತ್ತಾನೆ. ಜೊತೆಗೆ ಬರುವ ಚೀಟಿಯಲ್ಲಿ ಹೆಸರಿರುವುದಿಲ್ಲ, ಒಂದು ಸಂಖ್ಯೆ ಮಾತ್ರ. ಈ ಸಂಖ್ಯೆಯವರ ಮೇಲ್ದವಡೆಯ ಮುಂಭಾಗದಲ್ಲಿ, ಕೋರೆಹಲ್ಲಿನ ಪಕ್ಕದ್ದು ಅರ್ಧ ಮುರಿದಿತ್ತು. ವೈದ್ಯರು ಉಳಿದರ್ಧವನ್ನು ಸವರಿ ಕ್ಯಾಪಿಗೆ ಅಣಿ ಮಾಡಿದ್ದರು. ಅವನನ್ನು ತಡೆದು ನಿಲ್ಲಿಸಿದ್ದು ಅದಲ್ಲ, ಕೆಳದವಡೆ. ಅಲ್ಲೊಂದು ಹಲ್ಲು, ಸಾಲಿನಲ್ಲಿ ನಿಂತವನು ಮುಂದೇನಾಯಿತೆಂದು ಇಣುಕುವ ಹಾಗೆ, ಹೆಗಲು ಓರೆ ಮಾಡಿ ನಿಂತಿತ್ತು.

ಅವನು ಎದ್ದು ಕಪಾಟಿನ ಮೇಲಿನಿಂದ ಒಂದು ಹಳೆಯ ಮೇಲ್ದವಡೆಯನ್ನು ಇಳಿಸಿಕೊಂಡ. ಕೆಲಸ ಕಲಿಯುವಾಗ ಎಲ್ಲರೂ ಮೊದಲು ಮನೆಯವರ ಬಾಯಿಯ ಮೇಲೇ ಕೈ ಪಳಗಿಸಿಕೊಳ್ಳುವುದು ಈ ಕಸುಬಿನ ರೂಢಿ. ಅವನಿಗಾಗಿ ಬಾಯಿ ತೆರೆದು ಕೂತವಳು ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಅವನ ತಲೆ ಬಾಚಿ ಬೆಳೆಸಿದವಳು. ಅಚ್ಚಿನ ಹಿಟ್ಟು ಗಂಟಲಿಗಿಳಿದು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಲೇ, "ಇನ್ನೊಂದ್ಸಲ ತಗೋ, ಈ ಸಲ ಕೊಲ್ಲಬೇಡ" ಎಂದಿದ್ದಳು. ಅಂದಿನ ಆ ದವಡೆ ಇಂದಿನವರೆಗೂ ಅವನ ಕಾಗದಗಳು ಹಾರದಂತೆ ಕಾಯುತ್ತಿತ್ತು.

ಹಳೆಯ ಮೇಲ್ದವಡೆಯನ್ನು ಹೊಸ ಕೆಳದವಡೆಯ ಮೇಲಿಟ್ಟ. ಟಕ್! ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು.

ಅಕ್ಕ! ಮೂರು ವಾರದಿಂದ ಫೋನಿನಲ್ಲಿ "ಚೆನ್ನಾಗಿದೀನಿ ಕಣೋ" ಎಂದವಳು. ಮನೆಗೆ ಬರುತ್ತೇನೆಂದರೆ "ಪಾರ್ಲರಿನಲ್ಲಿ ಕೆಲಸ ಜಾಸ್ತಿ" ಎಂದು ತಪ್ಪಿಸಿಕೊಂಡವಳು. ಹಲ್ಲು ಮುರಿದದ್ದು ಹೇಗೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೂದಲು ಕತ್ತರಿಸುವ ಅವಳ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಗಿರಾಕಿಯ ಜಡೆ. ಕ್ಲಿಪ್ಪಿನ ಬಾಯಿ ಬಿಡಿಸುವುದು ಮಾತ್ರ ಯಾವಾಗಲೂ ಹಲ್ಲಿನ ಪಾಲು.

ಆದರೆ ತನಗೇಕೆ ಹೇಳಲಿಲ್ಲ? ಅವನು ಯೋಚಿಸುತ್ತಿರುವಾಗಲೇ ಒಳಕೋಣೆಯಲ್ಲಿ ಫೋನು ಬಡಿದುಕೊಂಡಿತು. ಲ್ಯಾಬಿನ ಯಜಮಾನರು ಮಾತು ಮುಗಿಸಿ ಹೊರಗೆ ತಲೆ ಹಾಕಿದರು.

"ಏಯ್, ಆ ಮುಂದಿನ ಹಲ್ಲಿನ ಕೆಲಸ ಬಿಟ್ಬಿಡು. ಪೇಷಂಟಿಗೆ ಕ್ಯಾಪ್ ಬೇಡ್ವಂತೆ. ಖರ್ಚು ಜಾಸ್ತಿ, ಕಿತ್ಬಿಡಿ ಅಂತ ಬಂದು ಕೂತಿದಾರಂತೆ."

"ಯಾವಾಗ ಕೀಳ್ತಾರಂತೆ?"

"ಈಗ್ಲೇ. ಯಾಕೆ, ನಿನ್ನ ಹಲ್ಲಾ?"

ಅವನು ಅಕ್ಕನಿಗೆ ಫೋನು ಮಾಡಿದ. ಸ್ವಿಚ್ ಆಫ್. ಕ್ಲಿನಿಕ್ಕಿಗೆ ಮಾಡಿದ, ಗಂಟೆ ಹೊಡೆದುಕೊಂಡಿತು, ಎತ್ತುವವರಿಲ್ಲ. ಒಮ್ಮೆ ಕಿತ್ತ ಹಲ್ಲನ್ನು ಮತ್ತೆ ಬೇರುಬಿಡಿಸುವ ವಿದ್ಯೆ ಅವನ ಮೇಜಿನ ಮೇಲೂ ಇರಲಿಲ್ಲ.

"ಅದು ನಮ್ಮಕ್ಕನ ಬಾಯಿ" ಎಂದ ಯಜಮಾನರಿಗೆ. "ಮನೆಯವರಿಗೆ ವರ್ಷಕ್ಕೊಂದು ಕೆಲಸ, ಬರೀ ಸಾಮಾನಿನ ಖರ್ಚಿಗೆ ಅಂತ ನೀವೇ ನಿಯಮ ಮಾಡಿದೀರಲ್ಲ? ಈ ವರ್ಷದ್ದು ನಾನು ತಗೊಂಡಿಲ್ಲ."

"ನೀನು ಯಾವ ವರ್ಷದ್ದು ತಗೊಂಡಿದೀಯ ಮಾರಾಯ!" ಯಜಮಾನರು ಸ್ಕೂಟರಿನ ಬೀಗದ ಕೈ ಎಸೆದರು. "ಓಡು. ಪೆಟ್ರೋಲ್ ಕಮ್ಮಿ ಇದೆ, ದೇವರ ಮೇಲೆ ಭಾರ ಹಾಕಿ ಓಡಿಸು."

ಗೋಣಿಬಟ್ಟೆಯಲ್ಲಿ ಹಳೆಯ ದವಡೆಯನ್ನು ಸುತ್ತಿಕೊಂಡು ಅವನು ಹೊರಟ. ಪ್ರತಿ ಸಿಗ್ನಲ್ಲೂ ಅವನನ್ನು ಕಂಡೇ ಕೆಂಪಾಗುತ್ತಿದ್ದಂತಿತ್ತು. ಮಾರುಕಟ್ಟೆಯ ತಿರುವಿನಲ್ಲಿ ಸರಕಿನ ಲಾರಿಯೊಂದು ಅಡ್ಡ ನಿಂತು, ಹಿಂದೆ ಹೋಗಲೋ ಮುಂದೆ ಹೋಗಲೋ ಎಂದು ಮೀನಮೇಷ ಎಣಿಸುತ್ತಿತ್ತು. ಅಲ್ಲಿ ನಿಂತಾಗಲೇ ಅವನಿಗೆ ಅಕ್ಕನ ಗುಟ್ಟು ಹೊಳೆದದ್ದು. ಹಿಂದೊಮ್ಮೆ ಅವನು ಗೆಳೆಯನೊಬ್ಬನಿಗೆ ಯಾರಿಗೂ ಹೇಳದೆ ಕ್ಯಾಪ್ ಮಾಡಿಕೊಟ್ಟು ಕೆಲಸ ಕಳೆದುಕೊಳ್ಳುವಂತಾಗಿತ್ತು. ಅದಾದ ಮೇಲೇ ಯಜಮಾನರು ಆ ನಿಯಮ ಮಾಡಿದ್ದು. ಅವನು ಬೈಸಿಕೊಂಡದ್ದನ್ನಷ್ಟೇ ಅಕ್ಕನ ಮನೆಗೆ ಹೊತ್ತೊಯ್ದಿದ್ದ. ನಿಯಮವನ್ನು ಲ್ಯಾಬಿನಲ್ಲೇ ಬಿಟ್ಟಿದ್ದ. ತಮ್ಮನಿಗೆ ಹೇಳಿದರೆ ಮತ್ತೆ ಕದ್ದು ಮಾಡುತ್ತಾನೆ, ಅನ್ನಕ್ಕೆ ಕಲ್ಲು ಹಾಕಿಕೊಳ್ಳುತ್ತಾನೆ ಎಂದು ಅವಳು ಊರಿನ ಆ ತುದಿಯ ಕ್ಲಿನಿಕ್ಕನ್ನು ಹುಡುಕಿಕೊಂಡಿದ್ದಳು. ಆ ತುದಿಯ ಬಾಯಿಗಳೂ ಇದೇ ಮೇಜಿಗೆ ಬರುತ್ತವೆಂದು ಅವಳಿಗೇನು ಗೊತ್ತು!

ಕ್ಲಿನಿಕ್ಕಿನ ಬಾಗಿಲು ತಳ್ಳಿದಾಗ ಹೊರಗೆ ಯಾರೂ ಇರಲಿಲ್ಲ. ಒಳಗೆ ಅಕ್ಕ ಕುರ್ಚಿಯಲ್ಲಿ ಒರಗಿದ್ದಳು. ತಟ್ಟೆಯಲ್ಲಿ ಇಕ್ಕಳ ಹೊಳೆಯುತ್ತಿತ್ತು. ಡಾಕ್ಟರಮ್ಮ ಕೈಗವಸು ಹಾಕಿಕೊಳ್ಳುತ್ತಿದ್ದರು.

"ನಿಲ್ಲಿಸಿ!"

"ಯಾರ್ರೀ ಅದು, ಚಪ್ಪಲಿ ಹಾಕ್ಕೊಂಡೇ ನುಗ್ತೀರಲ್ಲ!"

"ಆ ಕ್ಯಾಪ್ ಮಾಡೋನು ನಾನೇ ಡಾಕ್ಟ್ರೇ. ಇವಳ ತಮ್ಮನೂ ನಾನೇ."

ಅಕ್ಕ ದಡಕ್ಕನೆ ಎದ್ದು ಕೂತಳು. "ನೀಯಾಕೋ ಹಂದೆ?" ಎಂದಳು. ಚುಚ್ಚುಮದ್ದಿನಿಂದ ಮೇಲ್ತುಟಿ ಮರಗಟ್ಟಿ "ಬಂದೆ" ಎನ್ನುವ ಮಾತೂ ಜಾರಿ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಅವಳೆದುರು ಒಂದು ಮಾತಿಗೆ ನಾಲ್ಕು ಕೇಳಿಸಿಕೊಂಡವನಿಗೆ ಇಂಥ ಅವಕಾಶ ಮತ್ತೆ ಸಿಗದೆಂದು ತಕ್ಷಣ ಅರಿವಾಯಿತು.

"ನೆಗಡಿ ಬಂತು ಅಂತ ಮೂಗು ಕೊಯ್ಸ್ಕೊಳ್ಳೋರ ಬಗ್ಗೆ ಕೇಳಿದ್ದೆ ಅಕ್ಕಾ, ಕಣ್ಣಾರೆ ನೋಡಿದ್ದು ಇವತ್ತೇ! ಬೇರು ಗಟ್ಟಿಯಿರೋ ಹಲ್ಲನ್ನ ಯಾರಾದ್ರೂ ಕೀಳಿಸ್ತಾರಾ?"

"ನಾನೂ ಅದನ್ನೇ ಬಡ್ಕೊಂಡೆ" ಎಂದರು ಡಾಕ್ಟರಮ್ಮ, ಇಕ್ಕಳದ ತಟ್ಟೆಯನ್ನು ತುಸು ಆಚೆ ಸರಿಸುತ್ತ. "ಕೀಳಿಸೋದು ಇವತ್ತಿಗೆ ಅಗ್ಗ. ಆದ್ರೆ ಆ ಜಾಗ ಹಾಗೇ ಬಿಟ್ರೆ ಅಕ್ಕಪಕ್ಕದ್ದು ವಾಲುತ್ವೆ. ಆಮೇಲೆ ತುಂಬಿಸ್ತೀನಿ ಅಂದ್ರೆ ಒಂದಕ್ಕೆ ಮೂರು ಹಲ್ಲಿನ ಖರ್ಚು. ಬರೀ ಸಿಮೆಂಟ್ ಮೆತ್ತೋಣ ಅಂದ್ರೆ ಉಳಿದಿರೋದೇ ಅರ್ಧ, ನಿಲ್ಲಲ್ಲ. ಎಲ್ಲಾ ಹೇಳಿದೆ. ಮೊದಲು ಹೂಂ ಅಂದವರು ಇವತ್ತು ಬಂದು ಕಿತ್ಬಿಡಿ ಅಂತಾರೆ."

ಅಕ್ಕ ಹೆಬ್ಬೆರಳು ತೋರುಬೆರಳು ಉಜ್ಜಿ ಹಣವೆಂದು ಸನ್ನೆ ಮಾಡಿದಳು. ಆಮೇಲೆ ಬೆರಳನ್ನು ತನ್ನ ಹಲ್ಲಿನ ಸಾಲಿನ ಉದ್ದಕ್ಕೂ ಎಳೆದಳು. ಅವನಿಗೆ ಅರ್ಥವಾಯಿತು. ತಂತಿ. ಅವಳ ಮಗಳಿಗೂ ಅದೇ ಇಣುಕುವ ಹಲ್ಲು ಬಂದಿತ್ತು; ತಂತಿ ಹಾಕಿ ನೇರ ಮಾಡಿಸುತ್ತಿದ್ದಳು. ಆ ಕಂತೂ ಈ ಕ್ಯಾಪೂ ಒಟ್ಟಿಗೆ ಬಂದು ನಿಂತಾಗ ತಾಯಿ ತನ್ನ ಹಲ್ಲನ್ನೇ ತಕ್ಕಡಿಯಿಂದ ಇಳಿಸಿದ್ದಳು.

ಅವನು ತಮಾಷೆ ಬಿಟ್ಟು ಕುರ್ಚಿಯ ಪಕ್ಕಕ್ಕೆ ಬಂದ. ಗೋಣಿಬಟ್ಟೆ ಬಿಡಿಸಿ ಹಳೆಯ ದವಡೆಯನ್ನು ಅವಳ ಮಡಿಲಲ್ಲಿಟ್ಟ.

"ಇದು ನೀನೇ. ನಾನು ಕೊಲ್ಲೋ ಹಾಗೆ ಅಚ್ಚು ತೆಗೆದಿದ್ದು ನೆನಪಿದೆಯಾ? ನಿನ್ನ ಹಲ್ಲು ಇಡಿಯಾಗಿ ಇದರಲ್ಲಿದೆ. ಇದನ್ನೇ ನೋಡ್ಕೊಂಡು ಕಟ್ತೀನಿ. ಹೊಸದು ಅಂತ ನಿನ್ನ ನಾಲಿಗೆಗೂ ಗೊತ್ತಾಗಲ್ಲ."

ಅಕ್ಕ ಪ್ಲಾಸ್ಟರಿನ ಆ ಹಲ್ಲನ್ನು ಉಗುರಿನಿಂದ ಮುಟ್ಟಿದಳು. ಕಣ್ಣು ತುಂಬಿತು. ಮರುಕ್ಷಣವೇ ಹುಬ್ಬು ಗಂಟಾಯಿತು.

"ಕದ್ದಾ?" ಎಂದಳು. ಅದೊಂದು ಮಾತು ಮಾತ್ರ ಸ್ಪಷ್ಟವಾಗಿಯೇ ಬಂತು.

"ಕಿಟಕಿಯಾಚೆ ನೋಡು. ಯಜಮಾನರ ಸ್ಕೂಟರ್. ಕದಿಯೋನಿಗೆ ಯಾರಾದ್ರೂ ಸ್ಕೂಟರ್ ಕೊಟ್ಟು ಕಳಿಸ್ತಾರಾ?" ಅವನು ನಿಯಮವನ್ನು ವಿವರಿಸಿದ. "ಸಾಮಾನಿನ ಖರ್ಚು ನನ್ನ ಸಂಬಳದಲ್ಲಿ ಮುರ್ಕೋತಾರೆ. ಇಷ್ಟು ವರ್ಷ ನಿನ್ನ ದವಡೆ ನನ್ನ ಕಾಗದ ಕಾದಿದೆ, ಅದರ ಕೂಲಿ ಅನ್ಕೋ."

"ಕೂರಿಸೋದಕ್ಕೆ ಮಾತ್ರ ನನಗೆ ಕೊಟ್ರೆ ಸಾಕು" ಎಂದರು ಡಾಕ್ಟರಮ್ಮ. "ಅದೂ ಮಗಳ ಕಂತು ಮುಗಿದ ಮೇಲೆ."

ಅಕ್ಕ ಕಿಟಕಿಯಾಚೆಯ ಸ್ಕೂಟರನ್ನು ನೋಡಿದಳು. ಅದರ ಮುಂಭಾಗದಲ್ಲಿ ಬಣ್ಣದಲ್ಲಿ ಬರೆದ ದೊಡ್ಡ ಹಲ್ಲೊಂದು ಕಿವಿಯವರೆಗೂ ನಗುತ್ತಿತ್ತು. ತಮ್ಮನನ್ನು ನೋಡಿದಳು. ಇಕ್ಕಳವನ್ನು ನೋಡಿದಳು. ಕೊನೆಗೆ ಕೊರಳಿಗೆ ಕಟ್ಟಿದ್ದ ಕಾಗದದ ಬಟ್ಟೆಯನ್ನು ತಾನೇ ಬಿಚ್ಚಿ ಇಕ್ಕಳದ ಮೇಲೆ ಮುಚ್ಚಿದಳು.

ಮುಂದಿನ ವಾರ ಕ್ಯಾಪ್ ಕೂರಿಸುವಾಗ ಅವನೂ ಪಕ್ಕದಲ್ಲಿ ನಿಂತಿದ್ದ. ನೆರೆಯ ಹಲ್ಲುಗಳ ತೆಳು ಹಳದಿಯನ್ನೂ ಬಿಡದೆ ಬಣ್ಣ ಹೊಂದಿಸಿದ್ದ. ಅಕ್ಕ ನಾಲಿಗೆಯಿಂದ ಅತ್ತಿತ್ತ ತಡಕಿದಳು, ಹುಡುಕಿದಳು, ಏನೂ ಸಿಗದೆ ತಲೆಯಾಡಿಸಿದಳು. ಅವನು ನಿಟ್ಟುಸಿರು ಬಿಡುವುದರೊಳಗೆ ಅವಳ ಬಾಯಿ ತೆರೆಯಿತು.

"ಈಗ ಕೇಳಿಸ್ಕೋ. ನನ್ನ ಬಾಯಿ ಬಿದ್ದು ಹೋದಾಗ ಏನೇನಂದೆ? ಮೂಗು ಕೊಯ್ಸ್ಕೊಳ್ಳೋಳಾ ನಾನು? ಅಷ್ಟು ದೊಡ್ಡ ನಿಯಮ ಇತ್ತಂತೆ, ಒಂದು ದಿನ ಮನೇಲಿ ಬಾಯಿ ಬಿಟ್ಟಿದ್ಯಾ? ಹಲ್ಲು ಕಟ್ಟೋನಿಗೆ ನಾಲಿಗೆ ಕಟ್ಟಿತ್ತಾ? ವಾರದಿಂದ ಕೂಡಿಟ್ಟಿದೀನಿ, ನಿಂತ್ಕೋ, ಇನ್ನೂ ಇದೆ…"

ಬೈಯುತ್ತಲೇ ಅವಳು ಕೆದರಿದ ಕೂದಲನ್ನು ಒಂದು ಕೈಯಲ್ಲಿ ಒಟ್ಟುಮಾಡಿದಳು. ಇನ್ನೊಂದು ಕೈ ಕ್ಲಿಪ್ಪನ್ನು ಎತ್ತಿ ನೇರ ಬಾಯಿಗೊಯ್ದಿತು.

"ಅಕ್ಕಾ!" "ಅಯ್ಯೋ, ಅಮ್ಮಾ!" ಎಂದು ತಮ್ಮನೂ ಡಾಕ್ಟರಮ್ಮನೂ ಒಟ್ಟಿಗೆ ಚೀರಿದರು.

ಕ್ಲಿಪ್ಪು ತುಟಿಯ ಬಳಿಯೇ ನಿಂತಿತು. ಅಕ್ಕ ಅದನ್ನೊಮ್ಮೆ, ಅವರಿಬ್ಬರನ್ನೊಮ್ಮೆ ನೋಡಿದಳು. ಮೆಲ್ಲನೆ ತಮ್ಮನ ಕೈಗಿಟ್ಟಳು.

"ಬಿಡಿಸಿಕೊಡು" ಎಂದಳು. "ಇನ್ಮೇಲೆ ಅದೂ ನಿನ್ನ ಕೆಲಸ."