ಅತ್ತೆಯ ಎದೆಯ ಗೆರೆ

ರೋಗಿಗಳು ಒಂದು ಹಗಲು, ಒಂದು ರಾತ್ರಿ ಎದೆಗೆ ಅಂಟಿಸಿಕೊಂಡು ಓಡಾಡಿದ ಪುಟ್ಟ ಯಂತ್ರ ವಾಪಸು ಬಂದಾಗ, ಅದರೊಳಗಿನ ಬಡಿತಗಳನ್ನು ಕಂಪ್ಯೂಟರಿಗೆ ಇಳಿಸುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ತುಂಡಾಗಿದ್ದರೆ ಜೋಡಿಸಬೇಕು, ತಂತಿ ಸಡಿಲಾಗಿ ಗೀಚಿಕೊಂಡಿದ್ದರೆ ಕತ್ತರಿಸಬೇಕು, ಕೊನೆಗೆ ಒಂದೇ ಉದ್ದನೆಯ ಗೆರೆ ಮಾಡಿ ಡಾಕ್ಟರಿಗೆ ಕಳಿಸಬೇಕು. ಅಪರಿಚಿತರ ಎದೆಗಳೊಂದಿಗೆ ಅವಳಿಗೆ ಯಾವ ತಕರಾರೂ ಇರಲಿಲ್ಲ. ಆ ಸೋಮವಾರ ಮೇಜಿನ ಮೇಲೆ ಬಂದು ಕೂತದ್ದು ಅತ್ತೆಯ ಎದೆ. ಜೊತೆಯವಳು ರಜೆ, ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

"ನಿನ್ನ ಮಾತು ಕೇಳಿದ್ರೆ ನನ್ನ ಎದೆ ಡವಡವ ಅನ್ನುತ್ತೆ" ಎಂದು ಅತ್ತೆ ಅವಳು ಮನೆಗೆ ಬಂದಾಗಿನಿಂದ ಹೇಳುತ್ತಿದ್ದರು. ಈಚೆಗೆ ಡಾಕ್ಟರಿಗೂ ಹೇಳಿದ್ದರು. ಹಾಗಾಗಿ ಯಂತ್ರ. ಅದನ್ನು ಕಟ್ಟಿಕೊಂಡಿದ್ದಾಗಲೇ, ಭಾನುವಾರ ಬೆಳಿಗ್ಗೆ, ಒದ್ದೆ ಬಟ್ಟೆ ಹರವುವ ವಿಚಾರಕ್ಕೆ ಅತ್ತೆ ಸೊಸೆಗೆ ಜಗಳ ಹತ್ತಿಕೊಂಡು, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುವ ತನಕ ಹೋಗಿತ್ತು.

ಗಂಡ ಫೋನು ಮಾಡಿದ. "ಆ ಜಗಳದ ಭಾಗ ತೆಗೆದುಬಿಡೋಕಾಗುತ್ತಾ?"

"ಇದೇನು ಮದುವೆ ವಿಡಿಯೋ ಅಂದ್ಕೊಂಡ್ರಾ?"

"ಅಮ್ಮನ ಕೈಗೆ ಸಾಕ್ಷಿ ಸಿಕ್ಕಿಬಿಟ್ರೆ ನಮ್ಮಿಬ್ಬರ ಗತಿ ಏನು ಹೇಳು."

ರೇಗಿ ಫೋನಿಟ್ಟಳು. ಆದರೆ ಬುದ್ಧಿ ಅತ್ತಲೇ ಎಳೆಯಿತು. ನಡುವೆ ಬ್ಯಾಟರಿ ಬದಲಿಸಿದ್ದರಿಂದ ಎರಡು ಫೈಲುಗಳಿದ್ದವು. ಎರಡನೆಯದರ ಗಡಿಯಾರ ಸರಿಮಾಡಿ ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಿಸಿದಳು. ಆಮೇಲೆ ಮೌಸ್ ಹಿಡಿದು ಜಗಳದ ಹೊತ್ತನ್ನು ಈ ತುದಿಯಿಂದ ಆ ತುದಿಗೆ ಗುರುತು ಹಾಕಿದಳು. ತಂತಿ ಸಡಿಲಾಗಿತ್ತು ಅಂದರೆ ಯಾರು ಕೇಳುತ್ತಾರೆ? ಅಳಿಸುವ ಮುಂಚೆ ಒಮ್ಮೆ ಹಿಗ್ಗಿಸಿ ನೋಡಿದಳು.

ಡವಡವ ಎಲ್ಲಿ ಬಂತು? ಇಡೀ ದಿನದಲ್ಲಿ ಅತ್ತೆಯ ಎದೆ ಅಷ್ಟು ಹದವಾಗಿ ಬಡಿದದ್ದು ಆಗಲೇ. ಏರಿದ್ದು ಸಂಜೆ: ಮಗ ಪಕ್ಕದಲ್ಲಿ ಕೂತು, ಕೈ ಸವರುತ್ತ, "ಮಾತ್ರೆ ತಗೊಂಡ್ಯಾ ಅಮ್ಮ? ಮೆಟ್ಟಿಲು ಹತ್ಬೇಡ" ಅನ್ನುತ್ತಿದ್ದಷ್ಟು ಹೊತ್ತೂ ಗೆರೆ ಎದ್ದೂಬಿದ್ದು ಓಡಿತ್ತು.

ಮೊದಲು ಅವಳಿಗೆ ಹಾಯೆನಿಸಿತು. ಮರುಗಳಿಗೆಗೆ ಕೋಪ ಬಂತು. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಈ ಹೆಂಗಸಿಗೆ ಒಂಚೂರೂ ತಾಗಿಲ್ಲವೇ? ಗುರುತು ತೆಗೆದು, ನಿಜವಾಗಿಯೂ ತಂತಿ ಕಿತ್ತು ಬಂದಿದ್ದ ಸ್ನಾನದ ಹೊತ್ತನ್ನಷ್ಟೇ ಕತ್ತರಿಸಿ ಕಳಿಸಿದಳು.

ಮರುದಿನ ಮೂವರೂ ಡಾಕ್ಟರ ಮುಂದೆ ಕೂತರು. "ಗಾಬರಿ ಪಡುವಂಥದ್ದೇನಿಲ್ಲ. ಬೆಳಿಗ್ಗೆ ಇಲ್ಲಿ ಏನು ಮಾಡ್ತಿದ್ರಿ? ಯೋಗಾನಾ?" ಎಂದು ಡಾಕ್ಟರು ಗೆರೆ ಹದವಾಗಿದ್ದ ಕಡೆ ಬೆರಳಿಟ್ಟರು.

ಅತ್ತೆ ರೆಪ್ಪೆ ಮಿಟುಕಿಸಲಿಲ್ಲ. "ಉಸಿರಾಟದ ವ್ಯಾಯಾಮ."

"ಬಿಡಬೇಡಿ, ದಿನಾ ಮಾಡಿ."

ಮಗ ಗಾಡಿ ತರಲು ಹೋದಾಗ ಅತ್ತೆ ಕೇಳಿದರು. "ಏರಿದ್ದು ಯಾವಾಗ?"

"ಇವರು ನಿಮ್ಮ ಪಕ್ಕ ಕೂತಾಗ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವನು ಅಷ್ಟು ಮೆತ್ತಗೆ ಮಾತಾಡಿದ್ರೆ, ಡಾಕ್ಟರು ನನ್ನಿಂದ ಏನೋ ಮುಚ್ಚಿಟ್ಟು ಅವನಿಗೆ ಹೇಳಿರಬೇಕು ಅನ್ಸುತ್ತೆ ಕಣೇ. ನೀನು ಮೈಮೇಲೆ ಬಿದ್ರೆ, ಸದ್ಯ ಇನ್ನೂ ಗಟ್ಟಿ ಇದೀನಿ ಅನ್ಸುತ್ತೆ. ಅವನಿಗೆ ಹೇಳಬೇಡ, ನೊಂದ್ಕೋತಾನೆ."

"ಹೇಳಲ್ಲ ಅತ್ತೆ."

ಮನೆ ಮುಟ್ಟಿದ ಮೇಲೆ ಮಗ ಅಮ್ಮನ ಕೈ ಹಿಡಿದುಕೊಂಡ. "ಒಂದು ವಾರ ರಜೆ ಹಾಕಿದೀನಿ ಅಮ್ಮ. ಇಡೀ ದಿನ ನಿನ್ನ ಪಕ್ಕದಲ್ಲೇ ಕೂತಿರ್ತೀನಿ."

ಅತ್ತೆಯ ಮುಖ ಬಿಳಿಚಿಕೊಂಡಿತು. ಸೊಸೆ ತಡಮಾಡಲಿಲ್ಲ. "ರಜೆ ಹಾಕಿದ್ದು ಒಳ್ಳೇದಾಯ್ತು. ಅಡುಗೆಮನೆಗೆ ಬಣ್ಣ ಹೊಡೀಬೇಕಿತ್ತು."

"ಹೌದಪ್ಪ, ಹೊಗೆ ಹಿಡಿದುಹೋಗಿದೆ," ಎಂದು ಅತ್ತೆ ತಟ್ಟನೆ ದನಿಗೂಡಿಸಿದರು. ಸೊಸೆಯ ಮಾತಿಗೆ ಅವರು ಹೌದು ಅಂದದ್ದು ಅದೇ ಮೊದಲು. ಮಗ ವಾರವಿಡೀ ಏಣಿಯ ಮೇಲೆಯೇ ಇದ್ದ. ಹಳದಿಯೋ ತಿಳಿಹಸಿರೋ ಎಂದು ಕೆಳಗೆ ಇಬ್ಬರೂ ಹೊತ್ತು ಹೊತ್ತಿಗೆ ತಪ್ಪದೆ ಕಿತ್ತಾಡಿದರು.