ಮಾಲು ಯಾರದು

"ಏನಲೇ ಬೋಸುಡಿ, ಜೈಲಾಗ ಬರೀ ಉಂಡು ಮಕ್ಕೊಂಡು ಕೈ ಮರಗಟ್ಯಾವೇನು? ತೊಟ್ಟು ಮುರಿಯಾಕೂ ಬರವಲ್ದು!"

ವಿರೂಪಾಕ್ಷಪ್ಪ ಮೂಕಮ್ಮನ ಮುಂದಿದ್ದ ಮೆಣಸಿನಕಾಯಿ ರಾಶಿಯನ್ನು ಒದ್ದ. ತೆಕ್ಕಲಕೋಟೆಯ ಅವನ ಕಣದಲ್ಲಿ ನಾವು ಹನ್ನೊಂದು ಹೆಂಗಸರು ಗುಂಟೂರು ಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದೆವು. ಒಬ್ಬಳೂ ಕತ್ತೆತ್ತಲಿಲ್ಲ. ನಾನೂ ಎತ್ತಲಿಲ್ಲ, ನಾಚಿಕೆಗೆಟ್ಟವಳು.

ಮೂಕಮ್ಮ ಬಳ್ಳಾರಿ ಜೈಲಿನಿಂದ ಬಂದು ಇಪ್ಪತ್ತು ದಿನ. ಸೇಂದಿಗೆ ಕಲಬೆರಕೆ ಮಾಡುವ ಮತ್ತಿನ ಪುಡಿ ಸಾಗಿಸುವಾಗ ಸಿಕ್ಕಿಬಿದ್ದು ಮೂರು ವರ್ಷ ಒಳಗಿದ್ದಳು. ಮಾಲು ವಿರೂಪಾಕ್ಷಪ್ಪನದೆಂದು ಊರ ನಾಯಿಗೂ ಗೊತ್ತು. "ನನ್ನ ಹೆಸರು ಹೇಳಬ್ಯಾಡ, ನಿನ್ನ ಮಗಳನ್ನ ನನ್ನ ಮಗಳಂಗ ಸಾಕ್ತೀನಿ" ಎಂದಿದ್ದ. ಈ ಹುಚ್ಚಿ ಹೇಳಲಿಲ್ಲ. ಮಗಳು ನಂದಿನಿ ಶಾಲೆ ಬಿಟ್ಟು ಬಳ್ಳಾರಿ ಸತ್ಯನಾರಾಯಣಪೇಟೆಯ ಅವನ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಾಳೆ.

ಜೈಲಿನಿಂದ ಬಂದವಳು ಬಯಲಿಗೆ ಹೋಗಲೂ ನಮ್ಮ ಅಪ್ಪಣೆ ಕೇಳುತ್ತಿದ್ದಳು. ಬೆನ್ನ ಹಿಂದೆ ಯಾರಾದರೂ ನಿಂತರೆ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಳ್ಳುತ್ತಿದ್ದಳು. ಬಂದ ದಿನವೇ ಸೇಂದಿ ಕುಡಿಸಿದವನು ವಿರೂಪಾಕ್ಷಪ್ಪನೇ. ಹದಿನೈದು ದಿನ ಕುಡಿದು ಬಿದ್ದಿದ್ದಳು. ಐದು ದಿನದಿಂದ ಹಟ ಹಿಡಿದು ಕುಡಿತ ಬಿಟ್ಟಿದ್ದಾಳೆ, ಕೈ ನಡುಗುವುದು ಅದಕ್ಕೇ.

ಅವನು ಜೀಪಿನಿಂದ ಸೇಂದಿ ಪ್ಯಾಕೆಟ್ ತಂದು ಹಲ್ಲಿನಿಂದ ಹರಿದ. "ಬಾಯಿ ತಗಿ. ಕೈ ತಾವ ನಿಲ್ತಾವ."

"ಬ್ಯಾಡ್ರಿ ಸಾವ್ಕಾರ್ರ."

"ತಗೀಲೇ!"

ತೆಗೆದಳು. ಮೇಲಿನಿಂದ ಸುರಿದ. ಬಾಯಿ ಬೇಡವೆಂದಿತ್ತು, ಗಂಟಲು ಗಟಗಟ ನುಂಗಿತು. ನೋಡಿ ನನಗೆ ಅಳು ಬಂತು.

"ನಾಳೆ ಕುರುಗೋಡಿಗೆ ಮಾಲು ಹೋಗಬೇಕು," ಎಂದು ಅವನು ಕೈ ಒರೆಸಿಕೊಂಡ. "ನಿನ್ನ ಪೊಲೀಸ್ರು ಗುರ್ತು ಹಿಡೀತಾರ. ನಂದಿನೀನ ಕಳಸ್ತೀನಿ. ಸಾಲಿ ಡ್ರೆಸ್ ಹಾಕಿ ಬಸ್ ಹತ್ತಿಸಿದ್ರ ಯಾವನು ಚೀಲ ನೋಡ್ತಾನ?"

"ಆಕಿಗಿನ್ನಾ ಹದ್ನಾಕು ಸಾವ್ಕಾರ್ರ... ಕಾಲು ಬೀಳ್ತೀನಿ."

"ಹದ್ನಾಕಂದ್ರ ಜೈಲಿಗೆ ಹಾಕಂಗಿಲ್ಲ, ಹುಡುಗೀರ ಹಾಸ್ಟೆಲಿಗೆ ಹಾಕ್ತಾರ. ಉಂಡು ದಪ್ಪಗಾಗ್ತಾಳ ಬಿಡು."

ನಕ್ಕು, ಫೋನನ್ನು ಜೀಪಿನಲ್ಲೇ ಚಾರ್ಜಿಗೆ ಬಿಟ್ಟು, ಕಣದ ಪಕ್ಕದ ಗೋದಾಮಿಗೆ ಹೋಗಿ ಮಲಗಿದ. ಊಟವಾದ ಮೇಲೆ ದಿನಾ ಅಲ್ಲೇ ಅವನ ನಿದ್ದೆ.

ಗೊರಕೆ ಕೇಳಿಸಿತು. ಮೂಕಮ್ಮ ಯಾರನ್ನೂ ಕೇಳದೆ ಎದ್ದಳು. ಗೋದಾಮಿನ ಚಿಲಕವನ್ನು ಹೊರಗಿನಿಂದ ಹಾಕಿದಳು. ಚಹಾದ ಒಲೆಯ ಕೆಂಡವನ್ನು ಬಾಂಡ್ಲಿಗೆ ತುಂಬಿ, ಕಿಟಕಿಯ ಕಟ್ಟೆಯ ಮೇಲೆ ಸರಳಿಗೆ ಒತ್ತಿಟ್ಟು, ಎರಡು ಹಿಡಿ ಕಾಯಿ ಸುರಿದು ಮೊರದಿಂದ ಒಳಕ್ಕೆ ಬೀಸಿದಳು. ಕಣದಲ್ಲಿದ್ದ ನಮಗೇ ಕೆಮ್ಮು ಬಂತು.

"ಯಾವಳಲೇ ಅದು! ಬಾಗಲಾ ತಗಿ!"

"ಮಾಲು ಯಾರದು?"

"ಕೊಲ್ತೀನಿ ನಿನ್ನ, ಸೂಳಿಮಗಳ!"

ಮತ್ತೆರಡು ಹಿಡಿ. "ಮಾಲು ಯಾರದಲೇ?"

ನನ್ನ ಪಕ್ಕ ತೊಟ್ಟು ಬಿಡಿಸುತ್ತಿದ್ದ ಗಂಗಕ್ಕ ಎದ್ದು ಓಡಿದಳು. ಚಿಲಕ ತೆಗೆಯುತ್ತಾಳೆ ಅಂದುಕೊಂಡೆ. ಅವಳು ಸೊಂಟದಿಂದ ಫೋನ್ ಎಳೆದು ಕಿಟಕಿಗೆ ಹಿಡಿದಳು. "ಕೇಳವಲ್ದು ಸಾವ್ಕಾರ, ಗಟ್ಟಿ ಹೇಳು. ರೆಕಾರ್ಡ್ ಆಗಾಕತ್ತೈತಿ."

"ನಂದು! ಮೂರು ವರ್ಷದ ಹಿಂದಿಂದೂ ನಂದು, ನಾಳಿಂದೂ ನಂದು! ತಗೀರಿ... ನಿಮ್ಮ ಕಾಲು ಹಿಡೀತೀನಿ!"

ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಒಳಗೆ ಬಾಗಿಲು ಬಡಿಯುವುದು ನಿಧಾನವಾಯಿತು. ಬರೀ ವಾಂತಿಯ ಸದ್ದು.

"ಸಾಕು, ತಗಿಯೇ ಮೂಕಿ," ಎಂದಳು ಗಂಗಕ್ಕ. "ನಂದಿನಿ ಉಳಿದ್ಲು. ಇವ ಸತ್ರ ನೀ ಮತ್ತ ಒಳಗ ಹೊಕ್ಕಿ."

"ಹೊಕ್ಕೀನಿ ಅಕ್ಕಾ. ಹ್ವಾದ ಸಲ ಇವಂದಕ್ಕ ಹೋಗಿದ್ದೆ. ಈ ಸಲ ನಂದಕ್ಕ ಹೊಕ್ಕೀನಿ."

ಬಾಂಡ್ಲಿಯಲ್ಲಿ ಕಾಯಿ ಸುಟ್ಟು ಕರಿಯಾಗಿತ್ತು. ಮೂಕಮ್ಮ ನಮ್ಮತ್ತ ತಿರುಗದೆ ಹಿಂದಕ್ಕೆ ಕೈ ಚಾಚಿದಳು. ಚಿಲಕ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾನು ಸೆರಗಿನ ತುಂಬ ಕಾಯಿ ತುಂಬಿಕೊಂಡು ಅವಳ ಕಡೆ ನಡೆದೆ.