ಪೆಸ್ಯಾ ಅಜ್ಜಿಯ ಎಡತೋಳು

ಉಗುರಿನ ಸಂದಿಗೆ ಮರದ ಕಡ್ಡಿ ಇಳಿಸಿದಾಗ ಹಸಿರು ಶಾಯಿ ಕಂಡಿತು, ಮಕ್ಕಳ ಹೆಸರುಚೀಟಿ ಬರೆಯುವ ಪೆನ್ನಿನದು, ಮೊನ್ನೆಯದೇ ಇರಬೇಕು, ಯಹೂದಿ ನರಮೇಧದ ಮ್ಯೂಸಿಯಂಗೆ ಬಂದ ಶಾಲೆಯ ಮಕ್ಕಳ ಹೆಸರನ್ನೆಲ್ಲ ಪೆಸ್ಯಾ ಅಜ್ಜಿ ತಾನೇ ಬರೆದು ಎದೆಗೆ ಅಂಟಿಸುತ್ತಿದ್ದಳು, ಹೆಸರಿಲ್ಲದವರಿಗೆ ನಾನು ಕಥೆ ಹೇಳಲ್ಲ ಕಣ್ರೋ ಅಂತ — ಶಿಫ್ರಾ ಕಡ್ಡಿ ಒರೆಸಿ ಮತ್ತೆ ಇಳಿಸಿದಳು, ಯಹೂದಿಗಳು ಸತ್ತವರನ್ನು ಮಣ್ಣು ಮಾಡುವ ಮೊದಲು ತೊಳೆಯುವ ಕೋಣೆಯಲ್ಲಿ ಮಾತಾಡುವಂತಿಲ್ಲ, ನಾಲ್ವರು ಹೆಂಗಸರು, ನೀರು, ಬಿಳಿ ಹೊದಿಕೆಯಡಿಯಲ್ಲಿ ಅಜ್ಜಿ, ರಕ್ತಸಂಬಂಧಿಯಲ್ಲ, ಮ್ಯೂಸಿಯಂನಲ್ಲಿ ಎಲ್ಲರಿಗೂ ಅಜ್ಜಿ, ಹೊರಗೆ ಮೆಲ್ಬರ್ನಿನ ಬಿಸಿಲಲ್ಲಿ ಟ್ರ್ಯಾಮಿನ ಗಂಟೆ, ಇಂಥ ಬಿಸಿಲಲ್ಲೂ ಅಜ್ಜಿಗೆ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ರವಿಕೆ, ಸೆಕೆ ಆಗಲ್ವಾ ಅಜ್ಜಿ, ಆಗತ್ತೆ ಕಣೆ, ಮುದುಕಿ ತೋಳು ತೋರಿಸಿ ಯಾರನ್ನ ಮದುವೆ ಆಗ್ಲಿ ಈಗ — ಎದುರಿಗೆ ನಿಂತ ಶಿಫ್ರಾಳ ಸೋದರತ್ತೆ ಹೆನ್ಯಾ, ತೊಳೆಯುವವರಲ್ಲಿ ಹಿರಿಯಳು, ಬಲಗಡೆ ಆಯಿತೆಂದು ಕಣ್ಣಲ್ಲೇ ಹೇಳಿ ಎಡಗಡೆಯ ಹೊದಿಕೆ ಮಡಚಿದಳು, ತೋಳು ಹೊರಬಂತು, ತೋಳಿನ ಮೇಲೆ ನೀಲಿ ಅಂಕಿಗಳು, ಒಂದರ ಪಕ್ಕ ಒಂದು, ಸುಕ್ಕಿನೊಳಗೆ ವಾಲಿಕೊಂಡು, ಅತ್ತೆಯ ಕೈ ಒಂದು ಕ್ಷಣ ನಿಂತಿತು, ಆಮೇಲೆ ಚಲಿಸಿತು, ಶಿಫ್ರಾಳ ಕೈ ಚಲಿಸಲಿಲ್ಲ.

ಅದು ನಾತ್ಸಿಗಳ ಯಾತನಾಶಿಬಿರದಲ್ಲಿ ಯಹೂದಿ ಕೈದಿಗಳಿಗೆ ಹಾಕುತ್ತಿದ್ದ ಹಚ್ಚೆ, ಮ್ಯೂಸಿಯಂನ ಎರಡನೇ ಕೋಣೆಯ ಗೋಡೆಯ ತುಂಬ ಅಂಥ ತೋಳುಗಳ ಫೋಟೋಗಳಿವೆ, ಆದರೆ ಅಜ್ಜಿ ಶಿಬಿರ ಕಂಡವಳೇ ಅಲ್ಲವಲ್ಲ, ಅಜ್ಜಿ ಪೋಲೆಂಡಿನ ಯಾವುದೋ ಹಳ್ಳಿಯ ಕೊಟ್ಟಿಗೆಯ ಅಟ್ಟದಲ್ಲಿ ಯುದ್ಧ ಮುಗಿಯುವವರೆಗೆ ಅಡಗಿದ್ದವಳು, ರೈತನ ಹೆಂಡತಿ ಏಪ್ರನ್ನಿನಡಿ ಬ್ರೆಡ್ ಮುಚ್ಚಿ ತರುತ್ತಿದ್ದಳು, ಕೆಳಗೆ ಹಸುವಿನ ಉಸಿರಿನ ಬಿಸಿ ಮೇಲೇರುತ್ತಿತ್ತು, ಎಷ್ಟು ಸಲ ಕೇಳಿಲ್ಲ ಶಿಫ್ರಾ, ಕುರ್ಚಿ ಜೋಡಿಸಿ ನೀರಿಟ್ಟು, ಅಲ್ಲಿ ಅದೇ ಅವಳ ಕೆಲಸ, ಹಿಂದಿನ ಗೋಡೆಗೆ ಒರಗಿ, ಹಾಜರಿಯಲ್ಲಿ ತನ್ನ ಹೆಸರು ಕೂಗಿದರೂ ದನಿ ಹೊರಡದೆ ಶಾಲೆಯನ್ನೇ ಬಿಟ್ಟು ಬಂದವಳಿಗೆ ಅಜ್ಜಿ ಅಂದದ್ದು, ಶಾಲೆ ಬಿಟ್ಟೋಳು ನೀನು, ಶಾಲೆಗೇ ಹೋಗದೋಳು ನಾನು, ಒಳ್ಳೆ ಜೋಡಿ ಮೇಷ್ಟ್ರು ಸಿಕ್ಕಿದೀವಿ ಈ ಮಕ್ಕಳಿಗೆ — ಹಸು ಯಾವ ಬಣ್ಣ ಇತ್ತು, ಒಬ್ಬ ಹುಡುಗ ಕೇಳಿದ್ದ, ಕಂದು ಕಣೋ, ಮುಂದಿನ ವಾರ ಚುಕ್ಕೆಯ ಹಸು, ಇನ್ನೊಂದು ವಾರ ಕಪ್ಪು, ವಯಸ್ಸಾಯಿತು ಪಾಪ ಅಂದುಕೊಂಡಿದ್ದಳು ಶಿಫ್ರಾ, ಮತ್ತೆ ಆ ಫೋಟೋಗಳೆದುರು ನಿಂತು ಅತ್ತ ಹುಡುಗಿಯನ್ನು ಅಜ್ಜಿ ಎಳೆದುಕೊಂಡೇ ಹೋದಳಲ್ಲ, ಬಾ ಮರಿ, ಹಸು ಕಥೆ ಕೇಳು ಬಾ, ಆಮೇಲೆ ಶಿಫ್ರಾಳ ಕಡೆ ತಿರುಗಿ, ಮಕ್ಕಳು ರಾತ್ರಿ ನಿದ್ದೆ ಮಾಡ್ಬೇಕಲ್ವೇನೆ, ನಿದ್ದೆ ಇಲ್ದೆ ಇರೋಕೆ ನಾನೊಬ್ಬಳು ಸಾಲ್ದಾ — ಅಂದಳು, ಇದೇ ಬಾಯಿ, ಇದೇ ತೋಳು.

ಬಕೆಟ್ಟಿನ ನೀರು ಸುರಿಯಿತು, ಒಂದು ನಿಲ್ಲುವ ಮೊದಲೇ ಇನ್ನೊಂದು, ಧಾರೆ ಕಡಿಯಬಾರದು, ನೀರಿನಡಿ ನೀಲಿ ಅಂಕಿಗಳು ನಡುಗಿ ಮತ್ತೆ ನಿಂತವು, ನಾಳೆ ಬೆಳಿಗ್ಗೆ ಬಸ್ಸು ಬರುತ್ತದೆ, ಮ್ಯೂಸಿಯಂನ ಮುಖ್ಯಸ್ಥ ಅವ್ನರ್ ಹೇಳಿಬಿಟ್ಟಿದ್ದಾರೆ, ನಾಳೆಯಿಂದ ಪೆಸ್ಯಾ ಕಥೆ ನೀನೇ ಹೇಳ್ಬೇಕಮ್ಮ, ನಿನ್ನಷ್ಟು ಸಲ ಇನ್ಯಾರು ಕೇಳಿದಾರೆ, ಆದ್ರೆ ಒಂದಕ್ಷರ ಸುಳ್ಳು ಸೇರಬಾರ್ದು, ಆ ನರಮೇಧ ನಡೀಲೇ ಇಲ್ಲ ಅನ್ನೋರು ನಮ್ಮ ತಪ್ಪಿಗೇ ಬಾಗ್ಲಲ್ಲೇ ಕಾಯ್ತಿದಾರೆ — ತೊಳೆಯುವ ಕೆಲಸಕ್ಕೆ ಬಂದ ಮೊದಲ ದಿನ ಅತ್ತೆ ಈ ಕೋಣೆಯ ಹೊರಗೆ ಹೇಳಿದ್ದು ಬೇರೆ, ಇಲ್ಲಿ ಕಂಡಿದ್ದು ಇಲ್ಲೇ ಉಳೀಬೇಕು ಕಣೆ, ಗಂಡನಿಗೂ ಹೇಳೋ ಹಾಗಿಲ್ಲ, ನಿಂಗೆ ಗಂಡ ಇಲ್ಲ ಬಿಡು, ಬೆಕ್ಕಿಗೂ ಹೇಳ್ಬೇಡ — ಹಸುವಿನ ಕಥೆ ಹೇಳಿದರೆ ಗೊತ್ತಿದ್ದೂ ಸುಳ್ಳು, ತೋಳಿನ ಕಥೆ ಹೇಳಿದರೆ ಅತ್ತೆಗೆ ಕೊಟ್ಟ ಮಾತು ಮುರಿದಂತೆ, ಇಷ್ಟು ವರ್ಷ ಆ ಕುರ್ಚಿಗಳಲ್ಲಿ ಕೂತು ಕೇಳಿದ ಎಲ್ಲ ಮಕ್ಕಳ ಮುಂದೆ ಅಜ್ಜಿಯನ್ನು ಸುಳ್ಳುಬುರುಕಿ ಮಾಡಿದಂತೆ, ಬಾಯೇ ತೆರೆಯದಿದ್ದರೆ ಶಾಲೆಯಿಂದ ಓಡಿದಂತೆ ಅಲ್ಲಿಂದಲೂ ಓಡಬೇಕು, ಮತ್ತೆ ಆ ಅಟ್ಟದಲ್ಲಿ ನಿಜವಾಗಿ ಅಡಗಿದ್ದವರು ಯಾರು, ಅಜ್ಜಿಯ ಅಕ್ಕನೋ, ತಂಗಿಯೋ, ಯಾರೂ ಇಲ್ಲವೋ, ತನ್ನ ಹೆಬ್ಬೆರಳು ನೀಲಿಯ ಮೇಲೆ ಉಜ್ಜುತ್ತಿದೆ, ಕಲೆ ತೆಗೆಯುವವರಂತೆ, ಯಾವಾಗ ಶುರು ಮಾಡಿದೆ ನಾನು, ಅತ್ತೆ ಕಣ್ಣಲ್ಲೇ ಗದರಿದಳು, ಸಾಕು.

ಒರೆಸಿದರು, ಬಿಳಿ ನಾರುಬಟ್ಟೆಯ ಅಂಗಿ ತೊಡಿಸಿದರು, ಎಡತೋಳನ್ನು ಶಿಫ್ರಾಳೇ ಹಿಡಿದು ಅಂಗಿಯ ತೋಳಿನೊಳಗೆ ಇಳಿಸಬೇಕಾಯಿತು, ನೀಲಿ ಮರೆಯಾಯಿತು, ಕಣ್ಣಿಂದ ಮರೆಯಾಗಲಿಲ್ಲ, ಬಟ್ಟೆಯ ಮೇಲೂ ಅದೇ, ಗೋಡೆಯ ಮೇಲೂ ಅದೇ, ಅತ್ತೆ ತಲೆ ಬಾಗಿಸಿ ಪದ್ಧತಿಯಂತೆ ಎಲ್ಲರೂ ಹೇಳಬೇಕಾದ ಕೊನೆಯ ಮಾತು ಹೇಳಿದಳು, ಪೆಸ್ಯಾ, ಮೋರ್ದ್ಖೆಯ ಮಗಳೇ, ನಮ್ಮ ಕೈಯಿಂದ ನಿನ್ನ ಮರ್ಯಾದೆಗೆ ಕುಂದಾಗಿದ್ದರೆ ಕ್ಷಮಿಸು, ಉಳಿದಿಬ್ಬರೂ ಅದನ್ನೇ ಹೇಳಿದರು, ಈಗ ಶಿಫ್ರಾಳ ಸರದಿ, ಮೂವರೂ ಕಾಯುತ್ತಿದ್ದಾರೆ, ನೀಲಿ ಅಂಕಿಗಳು, ಬಿಳಿ ಬಟ್ಟೆ, ನೀಲಿ ಅಂಕಿಗಳು, ತುಟಿ ತೆರೆದರೆ ಬಂದದ್ದು ಬೇರೆಯೇ ಮಾತು — ಅಜ್ಜಿ, ನಾಳೆ ಆ ಮಕ್ಕಳಿಗೆ ಏನು ಹೇಳ್ಲಿ, ಹೇಳಿ.